ಒಂದು ದೀರ್ಘದ ದೊಡ್ಡಸ್ತಿಕೆ

ಒಂದೇ ಒಂದು ದೀರ್ಘದಿಂದ ದೊಡ್ಡ ಮನುಷ್ಯನಾದವನೊಬ್ಬ ನನ್ನ ಪಕ್ಕದ ಮನೆಯಲ್ಲಿದ್ದ. ದೀರ್ಘ ಎಂದರೆ ಅಕ್ಷರದ ಬೆನ್ನಿಗೆ ಹಚ್ಚುವ ಚಿಹ್ನೆ. ಒಂದನೇ ಇಯತ್ತೆಯ ಮಕ್ಕಳು ಮರೆತು ಬೈಸಿಕೊಳ್ಳುತ್ತಾರಲ್ಲ, ಅದು. ಹಾಗೆಂದು ಅದನ್ನು ಅವನೇ ಹಚ್ಚಿದವನೂ ಅಲ್ಲ. ಬೇರೆ ಯಾರೋ ಹಚ್ಚಿದರು, ಅವನು ಸುಮ್ಮನಿದ್ದ, ಊರವರು ಅವನನ್ನು ತತ್ತ್ವಜ್ಞಾನಿ ಎಂದು ಕರೆದರು. ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿದವನು ನಾನು. ದಪ್ಪ ಪುಸ್ತಕ ಬರೆದವನು ನಾನು. ವಿಭಾಗಕ್ಕೆ ಮುಖ್ಯಸ್ಥನಾಗಿದ್ದವನೂ ನಾನೇ. ನನ್ನನ್ನು ಜನ ಇವತ್ತಿಗೂ ‘ಸರ್’ ಎಂದು ಕರೆಯುತ್ತಾರೆ. ಕಾಲೇಜಿನಲ್ಲಿ ವಾಲಿಬಾಲ್ ಆಡಿಸುತ್ತಿದ್ದವರನ್ನೂ ಹಾಗೇ ಕರೆಯುತ್ತಾರೆ.

ಅವನು ಹೋಗಿ ವರ್ಷವಾಗುತ್ತ ಬಂತು. ಶಿರಸಿಯ ಕೆಲವು ಸ್ನೇಹಿತರು ಸೇರಿ ಅವನ ಪ್ರಬಂಧಗಳನ್ನೆಲ್ಲ ಒಟ್ಟು ಮಾಡಿ ಪುಸ್ತಕ ತರಲು ಹೊರಟಿದ್ದಾರೆ. ಹೆಸರು ಇಟ್ಟಾಗಿದೆ, ಮುಖಪುಟವೂ ತಯಾರಾಗಿದೆ: ‘ನಾನು ಇಲ್ಲೇ’. ಕರಡು ತಿದ್ದುವ ಕೆಲಸ ನನ್ನ ಕೊರಳಿಗೆ ಬಿತ್ತು. ನಿಮ್ಮಷ್ಟು ಅವರನ್ನು ಬಲ್ಲವರು ಇನ್ನಾರಿದ್ದಾರೆ ಸರ್ ಎಂದರು. ಅದು ನಿಜವೇ. ಹಾಗಾಗಿಯೇ ಪುಸ್ತಕದ ಕೊನೆಯ ಪ್ರಬಂಧದ ಕೊನೆಯ ವಾಕ್ಯಕ್ಕೆ ಬಂದು ನನ್ನ ಕೆಂಪು ಪೆನ್ನು ನಿಂತುಬಿಟ್ಟಿತು. ‘ನಾನು ಇಲ್ಲೇ’ ಎಂದು ಅಲ್ಲಿ ಅಚ್ಚಾಗಿದೆ. ಅವನು ಹಾಗೆ ಹೇಳಿರಲಿಲ್ಲ. ಹೇಳಿದ್ದು ಅದರ ಉಲ್ಟಾ. ಅದು ಗೊತ್ತಿರುವವನು ಈಗ ಭೂಮಿಯ ಮೇಲೆ ನಾನೊಬ್ಬನೇ.

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಮಾತಿನಲ್ಲಿ ‘ನಾನು’ ಎನ್ನುವುದಕ್ಕೆ ‘ಆನು’, ‘ನನಗೆ’ ಎನ್ನುವುದಕ್ಕೆ ‘ಎಂಗೆ’ ಎನ್ನುತ್ತೇವೆ. ‘ಇಲ್ಲ’ ಎನ್ನುವುದಕ್ಕೆ ‘ಇಲ್ಲೆ’ ಎನ್ನುತ್ತೇವೆ. ಹೊರಗಿನವರ ಕಿವಿಗೆ ಅದು ‘ಇಲ್ಲಿಯೇ’ ಎಂದ ಹಾಗೆ ಕೇಳಿಸುತ್ತದೆ. ಅಂಗಡಿಯಲ್ಲಿ ಕೂತ ನಮ್ಮವರು ಸಕ್ಕರೆ ಇಲ್ಲೆ ಎಂದರೆ ಹಾವೇರಿ ಕಡೆಯ ಗಿರಾಕಿ ಚೀಲ ಮುಂದೆ ಹಿಡಿಯುತ್ತಾನೆ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಂಥ ತಮಾಷೆ ನಮ್ಮಲ್ಲಿ ದಿನಾ ನಡೆಯುತ್ತದೆ, ಯಾರೂ ಅದರಿಂದ ತತ್ತ್ವಜ್ಞಾನಿಯಾಗುವುದಿಲ್ಲ.

ಅವನು ಉಮ್ಮಚಗಿ ಕಡೆಯವನು. ಕಾಲೇಜಿಗೆ ನನಗಿಂತ ಎರಡು ವರ್ಷ ತಡವಾಗಿ ಬಂದ. ವಿಭಾಗದಲ್ಲಿ ಇದ್ದದ್ದೇ ನಾವಿಬ್ಬರು. ಶಿರಸಿಯ ಹೊರಗೆ ಇಸಳೂರಿನಲ್ಲಿ ನನ್ನ ಪಕ್ಕದ ಸೈಟನ್ನು ಅವನಿಗೆ ಕೊಡಿಸಿದವನೂ ನಾನೇ. ಎಷ್ಟೋ ಸಲ ಅದಕ್ಕಾಗಿ ನನ್ನನ್ನು ನಾನು ಬೈದುಕೊಂಡಿದ್ದೇನೆ. ಕಾಲೇಜಿಗೆ ಹೋಗುವುದು ಬರುವುದು ಅವನ ಬೈಕಿನಲ್ಲಿ, ನಾನು ಹಿಂದೆ. ನಡುದಾರಿಯಲ್ಲಿ ಒಮ್ಮೊಮ್ಮೆ ಗಾಡಿ ನಿಲ್ಲಿಸಿ, ಇಳಿ ಎನ್ನುತ್ತಿದ್ದ. ಪೆಟ್ರೋಲು ಮುಗಿಯಿತೇನೋ ಎಂದು ನಾನು ಮೊದಮೊದಲು ಬಗ್ಗಿ ನೋಡುತ್ತಿದ್ದೆ.

“ಒಂದು ಯೋಚನೆ ಬಂತು. ಎರಡೂ ಒಟ್ಟಿಗೆ ಆಗ್ತಿಲ್ಲೆ,” ಎನ್ನುತ್ತಿದ್ದ.

ಎರಡು ಎಂದರೆ ಗಾಡಿ ಓಡಿಸುವುದು ಮತ್ತು ಯೋಚಿಸುವುದು. ರಸ್ತೆಯ ಅಂಚಿನಲ್ಲಿ ಅವನು ಗಲ್ಲಕ್ಕೆ ಕೈಕೊಟ್ಟು ನಿಲ್ಲುತ್ತಿದ್ದ, ನಾನು ಹೆಲ್ಮೆಟ್ಟು ಹೊತ್ತು ಅವನ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಹೋಗುವ ಬರುವ ಬಸ್ಸಿನವರೆಲ್ಲ ನೋಡುತ್ತಿದ್ದರು. ಅವನ ಎಷ್ಟೋ ಪ್ರಬಂಧಗಳು ಹುಟ್ಟಿದ್ದು ಆ ರಸ್ತೆಯ ಅಂಚಿನಲ್ಲಿ. ನಾನೂ ಅಲ್ಲೇ ನಿಂತಿದ್ದೆ, ಅಷ್ಟೇ ಹೊತ್ತು ನಿಂತಿದ್ದೆ. ನನಗೆ ತಡವಾಗುತ್ತದೆ ಎಂಬ ಒಂದು ಯೋಚನೆ ಬಿಟ್ಟು ಬೇರೆ ಯಾವುದೂ ಬರುತ್ತಿರಲಿಲ್ಲ.

ಓದುವುದರಲ್ಲೂ ಅವನದು ವಿಚಿತ್ರ ಕ್ರಮ. ಎಂಥ ದೊಡ್ಡ ದಾರ್ಶನಿಕನ ಗ್ರಂಥ ಕೊಟ್ಟರೂ ವಾದ ಏನು ಎಂದು ಕೇಳುತ್ತಿರಲಿಲ್ಲ. ಒಂದು ಪುಟ ಓದಿ, ಕಣ್ಣು ಕಿರಿದು ಮಾಡಿ, “ಇವಂಗೆ ಯಾವ ಹಲ್ಲು ನೋಯ್ತಿತ್ತು ಹೇಳು ನೋಡನ,” ಎನ್ನುತ್ತಿದ್ದ. ಲೋಕವೆಲ್ಲ ದುಃಖ ಎಂದು ಬರೆದವನು ಬರೆಯುವ ದಿನ ಏನು ಉಂಡಿದ್ದ, ಮನುಷ್ಯ ಸ್ವತಂತ್ರ ಎಂದು ಮೇಜು ಗುದ್ದಿದವನಿಗೆ ಮನೆಯಲ್ಲಿ ಅಣ್ಣ ಎಷ್ಟು ಬೈಯುತ್ತಿದ್ದ, ಎಲ್ಲವೂ ಒಂದೇ ಎಂದವನು ಎಷ್ಟು ಜನರಿರುವ ಮನೆಯಲ್ಲಿ ಒಬ್ಬನೇ ಮಲಗುತ್ತಿದ್ದ, ಇಂಥವೇ ಅವನ ಪ್ರಶ್ನೆಗಳು. ತತ್ತ್ವ ಬರೆಯುವವನು ತನ್ನ ಕಥೆಯನ್ನೇ ಹೇಳುತ್ತಿರುತ್ತಾನೆ, ಹೆಸರು ಮತ್ತು ಊರು ಮಾತ್ರ ಬಿಟ್ಟಿರುತ್ತಾನೆ ಎಂಬುದು ಅವನ ಸಿದ್ಧಾಂತ. ಇದು ಶಾಸ್ತ್ರವಲ್ಲ, ಕಾಡುಹರಟೆ ಎಂದು ನಾನು ಕನ್ನಡಕ ತೆಗೆದು ಒರೆಸುತ್ತ ವಾದ ಹೂಡುತ್ತಿದ್ದೆ. ಮಕ್ಕಳಿಗೆ ಮಾತ್ರ ಅವನ ತಾಸೇ ಇಷ್ಟ. ನನ್ನ ತಾಸಿನಲ್ಲಿ ಪ್ರಮಾಣ ಪ್ರಮೇಯ ಬರೆದುಕೊಂಡು ಪಾಸಾಗುತ್ತಿದ್ದವರು ಅವನ ತಾಸಿನಲ್ಲಿ ನಗುತ್ತಿರುವುದು ಗೋಡೆಯಾಚೆಗೆ ನನಗೆ ಕೇಳಿಸುತ್ತಿತ್ತು. ಆ ನಗು ಕೇಳಿಸಿದಾಗೆಲ್ಲ ನಾನು ದನಿ ಏರಿಸುತ್ತಿದ್ದೆ.

ನನ್ನ ಮಹಾಪ್ರಬಂಧದ ವಿಷಯ ‘ಅಭಾವ’. ನೆಲದ ಮೇಲೆ ಕೊಡ ಇಲ್ಲ ಎಂದು ನಾವು ನೋಡಿದ ಕೂಡಲೇ ಹೇಳುತ್ತೇವೆ. ಆದರೆ ಇಲ್ಲದ್ದು ಕಣ್ಣಿಗೆ ಕಾಣುವುದು ಹೇಗೆ? ಇದರ ಮೇಲೆ ನಮ್ಮ ಹಿಂದಿನವರು ಶತಮಾನಗಟ್ಟಲೆ ಜಗಳಾಡಿದ್ದಾರೆ. ನಾನು ಆ ಜಗಳವನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸಿ, ಅಡಿಟಿಪ್ಪಣಿಗೆ ಅಡಿಟಿಪ್ಪಣಿ ಹಾಕಿ, ರಟ್ಟು ಕಟ್ಟಿಸಿ ತಂದು ಅವನ ಕೈಯಲ್ಲಿಟ್ಟೆ. ಅವನು ಪುಟ ಬಿಡದೆ ಓದಿದ. ಅದನ್ನು ಪೂರ್ತಿ ಓದಿದವರು ಮಾರ್ಗದರ್ಶಕರನ್ನು ಬಿಟ್ಟರೆ ಅವನೊಬ್ಬನೇ ಇರಬೇಕು. ಮಾರ್ಗದರ್ಶಕರ ಬಗ್ಗೆಯೂ ನನಗೆ ಅನುಮಾನವಿದೆ. ಒಂದು ಭಾನುವಾರ ಬೇಲಿಯ ಹತ್ತಿರ ನಿಂತು, ಆ ಕೊಡ ತಗೊಂಡು ನೀರಿಗೆ ಹೋದದ್ದು ಯಾರು ಎಂದು ಕೇಳಿದ. ನನಗೆ ಅರ್ಥವಾಗಲಿಲ್ಲ. ಆಮೇಲೆ ಬಹಳ ಮೆತ್ತಗೆ ಹೇಳಿದ.

“ಎಲ್ಲ ಸರಿ ಇದ್ದು. ಆದ್ರೆ ಇದ್ರಲ್ಲಿ ನೀನೇ ಇಲ್ಲೆ ಮಾರಾಯ.”

ಹಂಗಿಸಲು ಹೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅವನ ದನಿಯಲ್ಲಿ ನನ್ನ ಬಗ್ಗೆ ನಿಜವಾದ ಬೇಜಾರಿತ್ತು. ಅದನ್ನು ನಾನು ಇವತ್ತಿನವರೆಗೂ ಕ್ಷಮಿಸಿಲ್ಲ.

ಮರುವರ್ಷವೋ ಏನೋ ಅವನು, ಅವನ ಹೆಂಡತಿ, ನಾನು, ನನ್ನ ಮನೆಯವಳು ಸೇರಿ ಯಲ್ಲಾಪುರದ ಆಚೆ ಚಂದಗುಳಿಯ ಗಣಪತಿಗೆ ಹೋದೆವು. ಅಲ್ಲಿ ಹರಕೆ ಹೊತ್ತವರು ಬಯಸಿದ್ದು ಕೈಗೂಡಿದ ಮೇಲೆ ಬಂದು ಗಂಟೆ ಕಟ್ಟುತ್ತಾರೆ. ಎಲ್ಲಿ ನೋಡಿದರೂ ಗಂಟೆಯೇ. ನಾನು ಅದಕ್ಕೆ ಮೊದಲೂ ಎಷ್ಟೋ ಸಲ ಹೋದವನು, ಪ್ರತಿ ಸಲ ಪ್ರಸಾದ ತೆಗೆದುಕೊಂಡು ಬಂದವನು. ಅವನು ಗಂಟೆಗಳ ಕೆಳಗೆ ಕತ್ತೆತ್ತಿ ನಿಂತ. ತಿಂಗಳೊಪ್ಪತ್ತಿನಲ್ಲಿ ಒಂದು ಪ್ರಬಂಧ ಬಂತು. ಅದರಲ್ಲಿ ದೇವರಿಲ್ಲ, ಹರಕೆಯ ಸರಿ ತಪ್ಪಿನ ಚರ್ಚೆ ಇಲ್ಲ. ಕಟ್ಟಿದ ಗಂಟೆ ಎಲ್ಲರಿಗೂ ಕಾಣುತ್ತದೆ, ಹರಕೆ ಹೊತ್ತೂ ಕಟ್ಟಲು ಬಾರದೇ ಹೋದವರ ಗಂಟೆಗಳನ್ನು ನೋಡುವುದು ಹೇಗೆ ಎಂದಷ್ಟೇ ಅವನು ಕೇಳಿದ್ದ. ಅವೂ ಅಲ್ಲೇ ತೂಗುತ್ತಿವೆ, ಅವು ಕಂಡವನಿಗೆ ಅಲ್ಲಿ ತಲೆ ಎತ್ತಿ ನಡೆಯುವುದು ಕಷ್ಟ ಎಂದು ಬರೆದಿದ್ದ.

ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಪ್ರಬಂಧದಲ್ಲಿ ಆ ಮಾತು ಎಲ್ಲೂ ಇಲ್ಲ. ಓದಿದವರಿಗೆ ಗೊತ್ತಾಗುವುದೂ ಇಲ್ಲ, ಆದರೆ ಓದಿ ಮುಗಿಸಿದವರೆಲ್ಲ ಯಾಕೋ ಒಂಥರಾ ಆಯಿತು ಎನ್ನುತ್ತಿದ್ದರು. ನನಗೂ ಆಯಿತು. ನನಗೆ ಅದರ ಜೊತೆ ಇನ್ನೊಂದೂ ಆಯಿತು. ಅಭಾವ ನನ್ನ ವಿಷಯ. ಆರು ವರ್ಷ ಹಗಲಿರುಳು ಅದರ ಹಿಂದೆ ಬಿದ್ದವನು ನಾನು. ನಾನು ಖಾಲಿ ನೆಲ ನೋಡುತ್ತ ಕೂತಾಗ ಇವನು ನಾಲ್ಕೇ ಪುಟದಲ್ಲಿ ನನ್ನ ವಿಷಯವನ್ನು ಎತ್ತಿಕೊಂಡು ಹೋಗಿಬಿಟ್ಟ. ಚಲೋ ಬಂದಿದೆ ಎಂದು ಹೇಳಲು ನನಗೆ ಒಂದು ವಾರ ಹಿಡಿಯಿತು.

ಇಷ್ಟಾದ ಮೇಲೆ ದೀರ್ಘದ ವಿಷಯಕ್ಕೆ ಬರುತ್ತೇನೆ. ಬರೆದದ್ದನ್ನು ಪತ್ರಿಕೆಗೆ ಕಳಿಸುವ ಮೊದಲು ಅವನು ನನಗೆ ಓದಿ ಹೇಳುವ ರೂಢಿಯಿತ್ತು. ಕಾಲೇಜಿನ ಕೊಠಡಿಯಲ್ಲಿ ಬೇರೆಯವರು ಊಟಕ್ಕೆ ಎದ್ದ ಮೇಲೆ ಕುರ್ಚಿ ನನ್ನ ಹತ್ತಿರ ಎಳೆದುಕೊಂಡು ಓದುತ್ತಿದ್ದ. ಆ ಪ್ರಬಂಧ ಹೀಗೆ ಶುರುವಾಗುತ್ತದೆ: ಯಾರೋ ಬಾಗಿಲು ಬಡಿದು, ಇದ್ದಾರಾ ಎಂದು ಕೇಳುತ್ತಾರೆ. ನೋಡಿ ಹೇಳುತ್ತೇನೆ ಎಂದು ಇವನು ತನ್ನೊಳಗೆ ತನ್ನನ್ನು ಹುಡುಕಲು ಹೋಗುತ್ತಾನೆ. ಹೆಸರು ಸಿಗುತ್ತದೆ, ಅದು ಅಜ್ಜನದು. ಸಿಟ್ಟು ಸಿಗುತ್ತದೆ, ಅಪ್ಪನದು. ಅಕ್ಷರದ ಓರೆ ಕನ್ನಡಶಾಲೆಯ ಅಕ್ಕೋರದು, ಕಪ್ಪೆ ಕಂಡರೆ ಹೆದರಿಕೆ ಅಕ್ಕನದು, ನಗುವುದು ಸೋದರಮಾವನ ಹಾಗೆ. ವಾದ ಮಾಡುವಾಗ ಕನ್ನಡಕ ತೆಗೆದು ಒರೆಸುವ ಹೊಸ ಚಟ ಪಕ್ಕದ ಮನೆಯವನಿಂದ ಬಂದದ್ದು. ಅವನ ಅಷ್ಟೂ ಬರವಣಿಗೆಯಲ್ಲಿ ನನಗೆ ಸಿಕ್ಕಿದ ಜಾಗ ಅದೊಂದೇ, ಒರೆಸುವ ಬಟ್ಟೆಯಷ್ಟು. ಕೊನೆಗೆ ಎಲ್ಲ ಕೋಣೆ ಹುಡುಕಿ ಮುಗಿಸಿ ಬಾಗಿಲಿಗೆ ಬಂದು, ಕಾಯುತ್ತಿದ್ದವರಿಗೆ ಅವನು ಮನೆಮಾತಿನಲ್ಲಿ ಹೇಳುತ್ತಾನೆ: ಆನು ಇಲ್ಲೆ.

ಅಲ್ಲಿಗೆ ಓದು ನಿಲ್ಲಿಸಿ, ಹಾಳೆ ಮಡಚಿ, ಊಟಕ್ಕೆ ಎದ್ದ. ನಾನು ಕೇಳಿದ್ದರಲ್ಲಿ ಎರಡು ಅರ್ಥಕ್ಕೆ ಜಾಗವಿರಲಿಲ್ಲ. ಸಾಲ ವಸೂಲಿಗೆ ಮನೆಗೆ ಬಂದವನಿಗೆ ಹೇಳುವಷ್ಟು ಸಲೀಸಾಗಿ, ನಾನು ಇಲ್ಲ ಎಂದು ಅವನು ಹೇಳಿದ್ದ.

ಪತ್ರಿಕೆಯ ಸಂಪಾದಕರು ಧಾರವಾಡದ ಕಡೆಯವರು, ಒಳ್ಳೆಯವರು, ಕಾಗುಣಿತದಲ್ಲಿ ಕಟ್ಟುನಿಟ್ಟು. ‘ಆನು’ ಎಂಬುದು ಕೈತಪ್ಪು ಎಂದುಕೊಂಡು ‘ನಾನು’ ಮಾಡಿದರು. ‘ಇಲ್ಲೆ’ಗೆ ದೀರ್ಘ ಬಿಟ್ಟುಹೋಗಿದೆ ಎಂದುಕೊಂಡು ಅದನ್ನೂ ಹಚ್ಚಿದರು. ಎಲ್ಲೆಲ್ಲೋ ಹುಡುಕಿ ಬಂದವನು ಕೊನೆಗೆ ನಾನು ಇಲ್ಲೇ ಇದ್ದೇನಲ್ಲ ಎಂದು ಕಂಡುಕೊಂಡ ಹಾಗಾಯಿತು. ಓದುಗರಿಗೆ ಹುಚ್ಚು ಹಿಡಿದುಬಿಟ್ಟಿತು. ಕಾಗದಗಳು ಬಂದವು. ಯೋಗ ಕಲಿಸುವವರು ಗೋಡೆಯ ಮೇಲೆ ಬರೆಸಿದರು. ಬೆಳಿಗ್ಗೆ ಎದ್ದು ಮೊಬೈಲು ನೋಡಿದರೆ ಸೂರ್ಯೋದಯದ ಚಿತ್ರದ ಮೇಲೆ ‘ನಾನು ಇಲ್ಲೇ’, ಕೆಳಗೆ ಅವನ ಹೆಸರು. ನನ್ನ ಸ್ವಂತ ತಂಗಿ ಅದನ್ನು ನನಗೆ ಕಳಿಸಿ, ನಿನ್ನ ಪಕ್ಕದ ಮನೆಯವರಲ್ವ ಅಣ್ಣ, ಎಷ್ಟು ಚಂದ ಬರೀತಾರೆ ಎಂದಳು.

ಸಂಪಾದಕರು ಒಂದು ದಿನ ಸಂದರ್ಶನಕ್ಕೆಂದು ಮನೆಗೇ ಬಂದರು. ನಾನು ನನ್ನ ಜಗಲಿಯಲ್ಲಿ ಪೇಪರು ಓದುತ್ತಿದ್ದೆ. ಸರು ಎಲ್ಲಿ ಅದಾರ್ರೀ ಎಂದು ಅವನ ಹೆಂಡತಿಯನ್ನು ಕೇಳಿದರು. ಆಕೆ ಇವ್ರು ಇಲ್ಲೆ ಎಂದರು. ಸಂಪಾದಕರು ಬಹಳ ಸಂತೋಷದಿಂದ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತರು. ಆಕೆ ಪಾಪ, ಹೊರಗೆ ಹೋಗಿದ್ದಾರೆಂದು ಗೊತ್ತಿದ್ದೂ ಕಾಯುತ್ತಾರಲ್ಲ ಎಂದು ಎರಡೆರಡು ಸಲ ಚಹಾ ಕೊಟ್ಟರು. ಅವನು ಯಲ್ಲಾಪುರದಿಂದ ಸಂಜೆಯ ಬಸ್ಸಿಗೆ ಬಂದು ಸಂಗತಿ ತಿಳಿದು ನಗಾಡಿದ್ದೇ ನಗಾಡಿದ್ದು. ಈಗಾದರೂ ಹೇಳುತ್ತಾನೆ ಎಂದು ನಾನು ಪೇಪರು ಕೆಳಗಿಟ್ಟು ಕಿವಿಕೊಟ್ಟೆ. ನಮ್ಮ ಕಡೆ ಇಲ್ಲೆ ಎಂದರೆ ಇಲ್ಲ ಎಂದರ್ಥ ಎಂದು ಹೇಳಿದ್ದಿದ್ದರೆ ಸಂಪಾದಕರಿಗೆ ತಕ್ಷಣ ತಲೆಗೆ ಹೊಳೆಯುತ್ತಿತ್ತು. ಅವನು ಹೇಳಲಿಲ್ಲ, ಊಟಕ್ಕೆ ಏಳಿ ಎಂದ.

ಆಗ ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಸಿಕ್ಕಿಬಿದ್ದ ಎಂದುಕೊಂಡೆ. ತತ್ತ್ವ ಬರೆಯುವವನು ತನ್ನನ್ನೇ ಬರೆಯುತ್ತಾನೆ ಎಂದು ಸಾರುತ್ತಿದ್ದವನು ತನ್ನದಲ್ಲದ ವಾಕ್ಯದ ಮೇಲೆ ಹಾರ ಹಾಕಿಸಿಕೊಳ್ಳುತ್ತಿದ್ದಾನೆ. ಈ ಮಾತನ್ನು ಅವನ ಮುಖಕ್ಕೆ ಹೇಳಬೇಕೆಂದು ಕಾಯುತ್ತಿದ್ದೆ. ಸಂದರ್ಭ ಸಿದ್ದಾಪುರದಲ್ಲಿ ಬಂತು.

ಅಲ್ಲೊಂದು ಸಭೆ. ಅವನು ಭಾಷಣಕಾರ, ನಾನು ಅವನ ಜೊತೆಗೆ ಹೋದವನು. ನಿರೂಪಣೆಯ ಹುಡುಗಿ ನನ್ನನ್ನು ‘ಅವರ ಸ್ನೇಹಿತರು’ ಎಂದು ಮುಂದಿನ ಸಾಲಿನಲ್ಲಿ ಕೂರಿಸಿದಳು. ಭಾಷಣ ಮುಗಿದ ಮೇಲೆ ಜನ ಸುತ್ತುವರಿದರು. ಅವರ ನಡುವೆ ದಾರಿ ಮಾಡಿಕೊಂಡು ಒಬ್ಬ ಹೆಂಗಸು ಬಂದರು, ಬಯಲುಸೀಮೆಯಿಂದ ವರ್ಗವಾಗಿ ಬಂದು ಅಲ್ಲಿ ನರ್ಸು ಕೆಲಸದಲ್ಲಿದ್ದವರು. ಗಂಡ ತೀರಿಕೊಂಡು ಆರು ತಿಂಗಳಾಗಿತ್ತಂತೆ. ಅವರ ಫೋಟೋದ ಕೆಳಗೆ ನಿಮ್ಮ ಮಾತನ್ನೇ ಬರೆಸಿ ಹಾಕೀನ್ರಿ, ಸಂಜೀಕ ದೀಪ ಹಚ್ಚೋವಾಗ ಅದನ್ನ ಓದತೀನಿ, ಅವರ ಇಲ್ಲೇ ಅದಾರ ಅನಸ್ತದ ಎಂದರು. ಅವನು ಕೈಮುಗಿದು ನಿಂತುಬಿಟ್ಟ. ಆ ಹೆಂಗಸು ಹೋದ ಮೇಲೂ ಹಾಗೇ ನಿಂತಿದ್ದ.

ಬರುವಾಗ ದಾರಿಯಲ್ಲಿ ನಾನು ಕೇಳಿಯೇಬಿಟ್ಟೆ, ಯಾಕೆ ಹೇಳಲಿಲ್ಲ ಎಂದು. ಅವನು ಗಾಡಿ ನಿಲ್ಲಿಸಿದ. ಇಳಿದೆವು.

“ಅವ್ರ ಮುಖ ನೋಡಿದ್ಯ ನೀನು? ಅಂಥವ್ರ ಎದ್ರಿಗೆ ಇಲ್ಲೆ ಹೇಳಲೆ ಬಾಯಿ ಬತ್ತಿಲ್ಲೆ,” ಎಂದ.

ಸಿದ್ಧಮಾಡಿಕೊಂಡಿದ್ದ ಮಾತು ಬಿಟ್ಟು ನಾನು ಹೆಲ್ಮೆಟ್ಟು ಹಾಕಿಕೊಂಡೆ. ಅವನ ಸುಳ್ಳು ಕೂಡ ನನ್ನ ಸತ್ಯಕ್ಕಿಂತ ಚಂದ ಕಾಣುತ್ತದಲ್ಲ ಎಂದು ಸಂಕಟವಾಯಿತು. ತನ್ನ ಮನಸ್ಸಿನಲ್ಲಿದ್ದದ್ದನ್ನು ಬರೆದು ಸಂಪಾದಿಸಿಕೊಂಡದ್ದಕ್ಕಿಂತ, ಬರೆದದ್ದನ್ನು ಬಾಯಿ ಮುಚ್ಚಿ ಬಿಟ್ಟುಕೊಟ್ಟು ಅವನು ಹೆಚ್ಚು ಸಂಪಾದಿಸಿದ್ದ. ನನ್ನ ಪುಸ್ತಕದ ಒಂದು ವಾಕ್ಯವನ್ನಾದರೂ ಯಾರಾದರೂ ತಪ್ಪಾಗಿ ಓದಬಾರದಿತ್ತೇ ಎಂದು ಆ ದಿನ ಆಸೆಯಾಯಿತು. ತಪ್ಪಾಗಿ ಓದಲೂ ಯಾರಾದರೂ ಓದಬೇಕಲ್ಲ.

ನಾನೂ ಅವನ ಹಾಗೆ ಬರೆಯಲು ನೋಡಿದೆ. ಇದನ್ನು ಯಾರಿಗೂ ಹೇಳಿಲ್ಲ. ದವಡೆ ಹಲ್ಲು ಕೀಳಿಸಿಕೊಂಡು ಬಂದ ವಾರ, ನೋವಿನ ಬಗ್ಗೆ, ಸ್ವಂತ ನೋವಿನ ಬಗ್ಗೆ, ಐದು ಪುಟ ಬರೆದೆ. ಅವನಿಗೆ ತೋರಿಸಿದೆ. ಅವನು ಓದಿ, ಹಲ್ಲಿನ ಡಾಕ್ಟರರ ವಿಷಯ ಚಲೋ ಬಂದಿದೆ ಎಂದ. ಆಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ.

ಮಕ್ಕಳು ಸೇರುವುದು ಕಡಿಮೆಯಾಗಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನೇ ಮುಚ್ಚಿದರು. ನಾನು ಅರ್ಜಿ ಬರೆದೆ, ಜಗಳವಾಡಿದೆ, ಮುಖ ಊದಿಸಿಕೊಂಡು ನಿವೃತ್ತನಾದೆ. ಅವನಿಗೆ ಪರಿಸರ ಅಧ್ಯಯನದ ತಾಸು ಕೊಟ್ಟರು. ಅದನ್ನೂ ಖುಷಿಯಿಂದ ತೆಗೆದುಕೊಂಡ, ಅಲ್ಲಿಂದಲೂ ಗೋಡೆಯಾಚೆ ನಗು ಕೇಳಿಸುತ್ತಿತ್ತಂತೆ. ನಿವೃತ್ತನಾದ ಮೇಲೂ ಬೇಲಿಯ ಹತ್ತಿರ ನಿಂತು ಬರೆದದ್ದನ್ನು ಓದುತ್ತಿದ್ದ, ನಾನು ಕೇಳುತ್ತಿದ್ದೆ, ತಪ್ಪು ಹುಡುಕುತ್ತಿದ್ದೆ. ಒಂದು ಬೆಳಿಗ್ಗೆ ಎದೆನೋವೆಂದು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿಗೆ ಮುಟ್ಟಿದ ಮೇಲೆ ಬಹಳ ಹೊತ್ತು ಇರಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅದೇ ವಾಕ್ಯ ಹೇಳಿದರು, ಅವರು ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದಾರೆ ಎಂದರು. ನನ್ನ ಸರದಿ ಬಂದಾಗ ಗಂಟಲು ಸರಿಯಿಲ್ಲ ಎಂದು ಕೈಸನ್ನೆ ಮಾಡಿದೆ. ಅಳು ಬಂದಿರಲಿಲ್ಲ. ಸತ್ತ ಮೇಲೂ ಆ ದೀರ್ಘ ಅವನನ್ನು ಎತ್ತಿ ಹಿಡಿದಿದೆಯಲ್ಲ ಎಂಬ ಹೊಟ್ಟೆಕಿಚ್ಚಿನಲ್ಲಿ ಬೇರೆ ಏನೂ ಬರಲು ಜಾಗವಿರಲಿಲ್ಲ.

ಈಗ ಕರಡು ನನ್ನ ಮುಂದಿದೆ. ಒಂದು ಗೆರೆ ಎಳೆದರೆ ಸಾಕು, ದೀರ್ಘ ಹೋಗುತ್ತದೆ, ಜೊತೆಗೆ ಗೋಡೆಬರಹ, ಸೂರ್ಯೋದಯ ಎಲ್ಲ ಹೋಗುತ್ತದೆ. ನಾನು ಮಾಡುವುದು ಸತ್ಯದ ಕೆಲಸವೇ ಆಗಿರುತ್ತದೆ, ಯಾರೂ ಬೊಟ್ಟು ಮಾಡುವಂತಿಲ್ಲ. ಅಷ್ಟು ಸಲೀಸಾಗಿ ಸತ್ಯ ಮತ್ತು ಹೊಟ್ಟೆಕಿಚ್ಚು ಎರಡೂ ಒಂದೇ ಗೆರೆಯಲ್ಲಿ ಬರುವಾಗ ಕೈ ಮುಂದಕ್ಕೆ ಹೋಗಲಿಲ್ಲ. ಮೂರು ದಿನ ನೋಡಿದೆ. ಕೊನೆಗೆ ಹಾಳೆಗಳನ್ನೆತ್ತಿಕೊಂಡು ಪಕ್ಕದ ಮನೆಗೆ ಹೋದೆ.

ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುವುದು. ಅತ್ತಿಗೆ ಪೋಸ್ಟಾಫೀಸಿನಲ್ಲಿದ್ದು ನಿವೃತ್ತರಾದವರು, ಮಾತು ಕಡಿಮೆ. ಮಜ್ಜಿಗೆ ತಂದಿಟ್ಟು ಎದುರಿಗೆ ಕೂತರು. ಕೊನೆಯ ವಾಕ್ಯದ ಬಗ್ಗೆ ಕೇಳುವುದಿದೆ ಎಂದೆ. ನನಗೂ ಕೇಳುವುದಿತ್ತು ಎಂದರು. ಅವನು ಮನೆಯಲ್ಲಿ ಒಂದು ದಿನವೂ ‘ನಾನು’ ಎಂದು ಮಾತಾಡಿದವನಲ್ಲವಂತೆ. ಆ ವಾಕ್ಯ ಎಲ್ಲಿ ನೋಡಿದರೂ, ಇದನ್ನು ಬೇರೆ ಯಾರೋ ಹೇಳಿದ ಹಾಗೆ ಕಾಣುತ್ತದೆ ಎಂದರು.

“ನಿಂಗಕ್ಕೆ ಓದಿ ಹೇಳಿದ್ರಲ್ಲ, ಹೆಂಗೆ ಓದಿದ್ರು? ಹಾಂಗೇ ಓದಿ,” ಎಂದರು.

ಸಿದ್ದಾಪುರದ ಹೆಂಗಸಿನ ಎದುರು ಅವನಿಂದ ಆಗದ ಕೆಲಸವನ್ನು ಅವನ ಹೆಂಡತಿಯ ಎದುರು ನಾನು ಮಾಡಬೇಕಾಗಿ ಬಂತು. ಓದಿದೆ. ಎಲ್ಲಿ ತಡೆಯುತ್ತಿದ್ದ, ಎಲ್ಲಿ ದನಿ ಇಳಿಸುತ್ತಿದ್ದ, ಕಪ್ಪೆಯ ಮಾತಿಗೆ ಹೇಗೆ ನಕ್ಕಿದ್ದ, ಎಲ್ಲ ನನಗೆ ಕಂಠಪಾಠವಾಗಿರುವುದು ಓದುವಾಗಲೇ ನನಗೆ ಗೊತ್ತಾದದ್ದು. ಕೊನೆಗೆ ಬಂದೆ. ಮಜ್ಜಿಗೆ ಒಂದು ಗುಟುಕು ಕುಡಿದೆ. ಆಮೇಲೆ ಆನು ಇಲ್ಲೆ ಎಂದೆ.

ಅತ್ತಿಗೆ ಕಣ್ಣು ಮುಚ್ಚಿ ಕೂತಿದ್ದರು. ಅಳುತ್ತಾರೆ ಎಂದು ಹೆದರಿದ್ದೆ. ಅವರ ಮುಖ ಸಡಿಲವಾಯಿತು.

“ಹೌದು. ಇದು ಇವ್ರು ಹೇಳಿದ್ದು,” ಎಂದರು. ಕಣ್ಣು ಬಿಟ್ಟು, “ಎಂಗೆ ಒಂದೂ ಓದಿ ಹೇಳಿದ್ದಿಲ್ಲೆ. ಬರೆದ ಕೂಡ್ಲೆ ನಿಂಗಳ ಹತ್ರ ಓಡದು. ನಿಂಗಳ ಮೇಲೆ ಎಂಗೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಿದ್ದಾ?” ಎಂದರು.

ಅಷ್ಟು ವರ್ಷ ಬೆಂದವನು ನಾನು, ನನ್ನನ್ನು ನೋಡಿ ಬೇಯುವವರೂ ಇರಬಹುದೆಂದು ನನ್ನ ತಲೆಗೇ ಬಂದಿರಲಿಲ್ಲ. ಆಕೆ ಅಡುಗೆಮನೆಯ ಕಿಟಕಿಯಿಂದ ಬೇಲಿಯ ಕಡೆ ನೋಡುತ್ತಿದ್ದರಂತೆ, ಅವನು ಓದುವುದು, ನಾನು ತಲೆ ತಗ್ಗಿಸಿ ಕೇಳುವುದು. ನಾನು ಅಲ್ಲಿ ತಪ್ಪು ಹುಡುಕುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಮುಖಪುಟ ಹೇಗಿದೆಯೋ ಹಾಗೇ ಇರಲಿ, ಊರಿಗೆ ಅದು ಬೇಕು, ಒಳಗೆ ಮಾತ್ರ ನಿಂಗ ಕೇಳಿದ್ದನ್ನೇ ಹಾಕಿ ಎಂದು ಅತ್ತಿಗೆ ಲೋಟ ತೆಗೆದುಕೊಂಡು ಎದ್ದರು. ನಾನು ಅಲ್ಲೇ ಕೂತು ‘ನಾನು’ ಎಂಬುದನ್ನು ‘ಆನು’ ಮಾಡಿದೆ, ದೀರ್ಘಕ್ಕೆ ಗೆರೆ ಎಳೆದೆ. ಅಂದುಕೊಂಡಿದ್ದ ಖುಷಿ ಬರಲಿಲ್ಲ.

ಕರಡು ಕಳಿಸಿದ ಮರುದಿನ ಪ್ರೆಸ್ಸಿನ ಸಾಹೇಬರು ಫೋನು ಮಾಡಿದರು. ಹಳೆಯ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಅಪ್ಪನ ಕಾಲದ ಪ್ರೆಸ್ಸು. ಕಾಲೇಜಿನ ಎಲ್ಲ ಅಚ್ಚುಕೆಲಸ ಅಲ್ಲೇ ಆಗುತ್ತಿತ್ತು, ಅವನು ಅಲ್ಲಿ ಹೋಗಿ ಗಂಟೆಗಟ್ಟಲೆ ಕೂರುತ್ತಿದ್ದ. ಶಿರಸಿಯಲ್ಲೇ ಹುಟ್ಟಿ ಬೆಳೆದ ಅವರಿಗೆ ನಮ್ಮ ಮನೆಮಾತು ಚೆನ್ನಾಗಿ ಗೊತ್ತು.

ಸರ್, ಕವರಿನಲ್ಲಿ ದೀರ್ಘ ಉಂಟು, ಒಳಗೆ ನೀವು ತೆಗೆದಿದ್ದೀರಿ ಎಂದರು. ಹೌದು, ಹಾಗೇ ಹೋಗಲಿ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

“ಹಾಗಾದ್ರೆ ಕವರಿನಲ್ಲಿ ಅವ್ರು ಇದ್ದಾರೆ ಅಂತ ಆಗ್ತದೆ, ಒಳಗೆ ಇಲ್ಲ ಅಂತ ಆಗ್ತದೆ. ಯಾವುದು ಸರಿ ಸರ್?”

ಇದು ಸಂಪಾದಕರ ತಪ್ಪು, ಮೂಲ ಪಾಠ ಬೇರೆ, ಪ್ರಾದೇಶಿಕ ಭಾಷೆಯಲ್ಲಿ ಅಭಾವವಾಚಕ, ಹೀಗೆ ಹೇಳಲು ಬೇಕಾದದ್ದೆಲ್ಲ ನನ್ನ ಹತ್ತಿರ ಇತ್ತು. ಬಾಯಿ ತೆರೆದರೆ ಬಂದದ್ದು ಬೇರೆ.

“ಅಂವ ಇಲ್ಲೆ ಸಾಹೇಬ್ರೆ,” ಎಂದೆ. “ಅಂವ ಇಲ್ಲೆ.”

ಆ ಮಾತನ್ನು ನಾನು ಅವನು ಸತ್ತ ಮೇಲೆ ಯಾರ ಹತ್ತಿರವೂ ಆಡಿರಲಿಲ್ಲ. ಆಡಿದ್ದೇ ತಡ, ಅಳು ನುಗ್ಗಿ ಬಂತು. ಆ ಕಡೆಯಿಂದ ಯಂತ್ರ ಓಡುವ ಸದ್ದು ಬರುತ್ತಿತ್ತು. ಸಾಹೇಬರು ಯಾರಿಗೋ ಅದನ್ನು ನಿಲ್ಲಿಸಲು ಹೇಳಿದರು. ನನ್ನ ಅಳು ಮುಗಿಯುವ ತನಕ ಫೋನು ಇಡಲಿಲ್ಲ.

“ಹಾಗೇ ಬಿಡ್ತೇನೆ ಸರ್,” ಎಂದರು.